ಎರಡು ಎಕ್ಕ ಹಿಡಿದು ಸೋತದ್ದು

22 ಅಕ್ಟೋಬರ್ 2025, ಬುಧವಾರ, ಬಲಿಪಾಡ್ಯಮಿ
ಧಾರವಾಡ

ಬೆಳಗ್ಗೆ ಸಗಣಿಯ ಪಾಂಡವರ ಪೂಜೆ, ಮಧ್ಯಾಹ್ನ ಹೋಳಿಗೆ ಊಟ, ಆಮೇಲೆ ಚಾಪೆ ಹಾಸಿ ಇಸ್ಪೀಟ್. ಪ್ರತಿ ದೀಪಾವಳಿಗೂ ಇದೇ. ಈ ಸಲ ಹೊಸದೆಂದರೆ ಪೋಕರ್: ಒಬ್ಬೊಬ್ಬರ ಕೈಗೆ ಎರಡೆರಡು ಎಲೆ, ಆಮೇಲೆ ಚಾಪೆಯ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಕಾಕಾನ ಮಗ, ಅಂದರೆ ನನ್ನ ತಮ್ಮ, ಹುಬ್ಬಳ್ಳಿಯಿಂದ ಬಂದಿದ್ದಾನೆ. ಮೊದಲು ಫೋನಿನಲ್ಲಿ ದುಡ್ಡು ಕಟ್ಟಿ ಆಡುತ್ತಿದ್ದ. ಆಗಸ್ಟ್‌ನಲ್ಲಿ ಕೇಂದ್ರದ ಹೊಸ ಕಾಯ್ದೆ ಬಂತು, ಅವನ ಆ್ಯಪ್‌ನಲ್ಲಿ ದುಡ್ಡಿನ ಆಟ ಬಂದ್ ಆಯ್ತು. ಈಗ ಅವನಿಗೆ ನಾವೇ ಗತಿ. ದುಡ್ಡಿನ ಬದಲು ಹುಣಸೆ ಬೀಜ.

ನನಗೆ ಎರಡು ಎಕ್ಕ ಬಂದವು. ಸರಾಸರಿ 221 ಸಲ ಎಲೆ ಹಂಚಿದರೆ ಒಮ್ಮೆ ಬರುವ ಜೋಡಿ ಅದು. ಇದ್ದ ಬೀಜವನ್ನೆಲ್ಲ ಮುಂದೆ ತಳ್ಳಿದೆ. ತಮ್ಮನೂ ತಳ್ಳಿದ. ಎಲೆ ತಿರುವಿದರೆ ಅವನ ಕೈಯಲ್ಲಿ ಎರಡು ರಾಜ! ಇಂಥ ಜಗಳದಲ್ಲಿ ನೂರಕ್ಕೆ ಸುಮಾರು 82 ಸಲ ಎಕ್ಕದ್ದೇ ಗೆಲುವು. ಏಳು, ಎರಡು, ಗುಲಾಮ ಬಿದ್ದವು. ಆಮೇಲೆ ಒಂಬತ್ತು. ಕಾಣದೆ ಉಳಿದ 44 ಎಲೆಗಳಲ್ಲಿ ಅವನನ್ನು ಉಳಿಸುವವು ಎರಡೇ. ಕೊನೆಗೆ ಬಿದ್ದದ್ದು ಕಳಾವರ್ ರಾಜ.

ತಮ್ಮ ಕುಣಿದಾಡಿದ. ನಾನು ಎದ್ದು ನೀರು ಕುಡಿದು ಬಂದೆ.

ಈಗ ರಾತ್ರಿ ಕೂತು ಯೋಚಿಸಿದರೆ ಒಂದು ವಿಚಿತ್ರ ಕಾಣುತ್ತದೆ. ನಾವು ಬೀಜ ತಳ್ಳಿದ್ದು ಚಾಪೆಯ ಮೇಲೆ ಒಂದು ಎಲೆಯೂ ಬೀಳುವ ಮೊದಲು. ಆ ಐದೂ ಎಲೆ ಆಗಲೇ ಕಟ್ಟಿನಲ್ಲಿ ಸಾಲಾಗಿ ಕೂತಿದ್ದವು. ಅದೇ ರಾಜ ಮೊದಲೇ ಬಿದ್ದಿದ್ದರೆ "ಹೋಯ್ತು ಬಿಡು" ಅಂದು ಚುರುಮುರಿಗೆ ಕೈ ಹಾಕುತ್ತಿದ್ದೆ. ಕೊನೆಗೆ ಬಿದ್ದದ್ದಕ್ಕೆ ಇಷ್ಟು ಸಂಕಟ. ಸೋಲು ಅಷ್ಟೇ, ಬೀಜವೂ ಅಷ್ಟೇ. ನಾಲ್ಕು ಎಲೆಯವರೆಗೆ ಗೆದ್ದವನ ಹಾಗೆ ಕೂತಿದ್ದೆ, ಅಲ್ವಾ? ಉರಿಯುವುದು ಅದಕ್ಕೇ. ತಮ್ಮನಿಗೆ ಇದನ್ನೇ ಹೇಳಿದೆ. "ಸೋತವರು ಹಿಂಗs ಮಾತಾಡ್ತಾರ ನೋಡಣ್ಣಾ" ಅಂದ.

ಕಾಕಾ ಮೂರೆಲೆ ಆಡಿ ಬೆಳೆದವರು. "ನಮ್ಮ ಆಟದಾಗ ಹಿಂಗ ಆಗೂದಿಲ್ಲ. ಎಲಿ ಬಂದ್ವು, ಗೆದ್ದಿ, ಇಲ್ಲಾ ಸೋತಿ. ಮುಗೀತು" ಅಂದರು. ಅವರು ಹೇಳಿದ್ದು ಸರಿ. ತೀನ್ ಪತ್ತಿಯಲ್ಲಿ ಹಂಚಿದ ಮೇಲೆ ಹೊಸ ಎಲೆ ಬರುವುದಿಲ್ಲ. ದೊಡ್ಡ ಎಲೆಗೆ ಇನ್ನೂ ದೊಡ್ಡದು ಸಿಗಬಹುದು, ಆದರೆ ಮುಂದಿದ್ದವನು ಕೊನೇ ಗಳಿಗೆಯಲ್ಲಿ ಹಿಂದೆ ಬೀಳುವ ಪ್ರಶ್ನೆಯೇ ಇಲ್ಲ.

ನನ್ನ ಸಮಾಧಾನಕ್ಕೆ ತಮ್ಮ ಒಂದು ಹಳೇ ಕಥೆ ಹೇಳಿದ. 2008ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ ಮೊತೊಯುಕಿ ಮಾಬುಚಿ ಎನ್ನುವವರಿಗೆ ನಾಲ್ಕಕ್ಕೆ ನಾಲ್ಕೂ ಎಕ್ಕ ಕೂಡಿದ್ದವಂತೆ. ಎದುರಿಗಿದ್ದ ಜಸ್ಟಿನ್ ಫಿಲಿಪ್ಸ್ ಇಳಿಸಿದ್ದು ರಾಯಲ್ ಫ್ಲಶ್, ಒಂದೇ ಜಾತಿಯ ಹತ್ತರಿಂದ ಎಕ್ಕದವರೆಗಿನ ಸಾಲು, ಅದಕ್ಕಿಂತ ದೊಡ್ಡದಿಲ್ಲ! ಕೇಳಿ ನನಗೇನೂ ಸಮಾಧಾನ ಆಗಲಿಲ್ಲ. ಪರರ ಸೋಲಿನ ಕಥೆ ಯಾರಿಗೆ ಬೇಕು. ಎರಡು ರಾಜ ಹಿಡಿದು ಎಕ್ಕವನ್ನು ಹೊಡೆದ ಕಥೆಯನ್ನು ಮಾತ್ರ ಯಾರೂ ನಸೀಬು ಅಂತ ಹೇಳಿಕೊಳ್ಳುವುದಿಲ್ಲ. ಆಗ ಅದು ಆಟಗಾರಿಕೆ.

ಸಂಜೆ ಕಾಕಾ ತಾವೂ ಕೂತರು, ಕಾಕುನೂ ಕೂತರು. ಕಾಕಾಗೆ ಎರಡು ಎಕ್ಕ ಬಂದು, ಚಾಪೆಯ ಮೇಲೆ ಮೂರನೆಯದೂ ಬಿತ್ತು. ಮೂರೆಲೆ ಆಟದಲ್ಲಿ ಮೂರು ಎಕ್ಕಕ್ಕಿಂತ ದೊಡ್ಡದಿಲ್ಲ. ಮೀಸೆ ತಿರುವಿ ಎಲ್ಲ ಬೀಜ ತಳ್ಳಿದರು. ಕಾಕು ಬಿಡಲಿಲ್ಲ. ಕೊನೆಯ ಎಲೆ ಬಿದ್ದ ಮೇಲೆ ಮೆಲ್ಲಗೆ ತಮ್ಮ ಎರಡು ಎಲೆ ತೋರಿಸಿದರು: "ಇವೂ ಕಳಾವರ್, ಅಲ್ಲಿ ಮೂರೂ ಕಳಾವರ್. ನಡೀತದನೋ?"

ನಡೆಯಿತು. ಪೋಕರ್‌ನಲ್ಲಿ ಒಂದೇ ಜಾತಿಯ ಐದೆಲೆ ಮೂರು ಎಕ್ಕಕ್ಕಿಂತ ದೊಡ್ಡದು. ಕಾಕಾ ಆ ಕೊನೆಯ ಎಲೆಯನ್ನು ಎತ್ತಿ ಹಿಂದೆ ಮುಂದೆ ನೋಡಿದರು. "ಏ, ಇದು ಮೊದಲs ಕಟ್ಟಿನಾಗ ಇಲ್ಲೇ ಇತ್ತೇನು?" ಅಂದರು ನನಗೆ.

ಇತ್ತು ಅಂದೆ.

"ಸುಳ್ಳ ಹೇಳಬ್ಯಾಡ. ಹಂಚು ಇನ್ನೊಮ್ಮೆ."