ಹಡಗಿನಲ್ಲಿ ಊಟ: ‘ಯಾವಾಗ ಬೇಕಾದ್ರೂ ಬನ್ನಿ’ ಅಂದದ್ದನ್ನು ನಂಬಿ ಕಾದೆವು

ಕ್ರೂಸ್ ಬುಕ್ ಮಾಡುವಾಗ ಯಾವ ಕ್ಯಾಬಿನ್ ತಗೊಳ್ಳೋದು, ಬಾಲ್ಕನಿ ಬೇಕಾ, ಕಿಟಕಿ ಸಾಕಾ ಅಂತ ವಾರಗಟ್ಟಲೆ ಚರ್ಚೆ ಮಾಡಿದೆವು. ರಾತ್ರಿ ಊಟದ ಸಮಯ ಆರಿಸಿ ಅಂತ ಬಂದಾಗ ಮಾತ್ರ ಅರ್ಧ ನಿಮಿಷವೂ ಯೋಚಿಸಲಿಲ್ಲ. ಎರಡು ಆಯ್ಕೆ ಇತ್ತು. ಒಂದು, ದಿನಾ ಒಂದೇ ಹೊತ್ತಿಗೆ, ಒಂದೇ ಟೇಬಲ್‌ನಲ್ಲಿ ಊಟ. ಇನ್ನೊಂದು, ನಿಮಗೆ ಬೇಕಾದಾಗ ಬನ್ನಿ ಅನ್ನೋದು. ರಜೆಯಲ್ಲೂ ಗಡಿಯಾರ ಯಾಕೆ ನೋಡಬೇಕು ಅಂತ ಎರಡನೆಯದನ್ನು ಒತ್ತಿದೆ. 7 ರಾತ್ರಿಯ ಪ್ರವಾಸದಲ್ಲಿ ನಮಗೆ ಅತಿ ಹೆಚ್ಚು ತೊಂದರೆ ಕೊಟ್ಟದ್ದು ಆ ಒಂದು ಟಿಕ್. ಮನೆಯಲ್ಲಿ ವಯಸ್ಸಾದವರನ್ನೋ ಚಿಕ್ಕ ಮಕ್ಕಳನ್ನೋ ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾವು ಹೋದದ್ದು ನಾಲ್ಕು ಜನ. ನಾನು, ನಮ್ಮವರು, 9 ವರ್ಷದ ಮಗಳು, 72 ವರ್ಷದ ಅತ್ತೆ. ಅತ್ತೆಗೆ ಸಕ್ಕರೆ ಕಾಯಿಲೆ. ಊಟಕ್ಕೆ ಹತ್ತು ಹದಿನೈದು ನಿಮಿಷ ಇರುವಾಗ ಇನ್ಸುಲಿನ್ ತಗೋಬೇಕು. ತಗೊಂಡ ಮೇಲೆ ಊಟ ತಡವಾಗಬಾರದು.

ಮೊದಲ ರಾತ್ರಿ 7 ಗಂಟೆಗೆ ಊಟಕ್ಕೆ ಹೋಗೋಣ ಅಂದುಕೊಂಡೆವು. ಅತ್ತೆ ಕ್ಯಾಬಿನ್‌ನಲ್ಲೇ ಇಂಜೆಕ್ಷನ್ ತಗೊಂಡು ಸೀರೆಯ ನೆರಿಗೆ ಸರಿಮಾಡಿಕೊಂಡು ಹೊರಟರು. ಲಿಫ್ಟ್ ಇಳಿದು ನೋಡಿದರೆ ಡೈನಿಂಗ್ ಹಾಲ್‌ನ ಬಾಗಿಲಿನಿಂದ ಕ್ಯೂ ಶುರುವಾಗಿ, ಫೋಟೊ ಮಾರುವ ಜಾಗ ದಾಟಿ, ಮೆಟ್ಟಿಲಿನ ತನಕ ನಿಂತಿತ್ತು. ಬಾಗಿಲಿನಲ್ಲಿದ್ದ ಹುಡುಗಿ ನಮ್ಮ ಕ್ಯಾಬಿನ್ ನಂಬರ್ ಬರೆದುಕೊಂಡು ಕೈಗೊಂದು ಪೇಜರ್ ಕೊಟ್ಟಳು. ‘ಇಪ್ಪತ್ತು ನಿಮಿಷ ಆಗಬಹುದು’ ಅಂದಳು. ಪೇಜರ್‌ನ ಕೆಂಪು ದೀಪ ಮಿನುಗಿದರೆ ಒಳಗೆ ಬನ್ನಿ ಅಂತ.

ಇಪ್ಪತ್ತು ನಿಮಿಷ ಆಯಿತು. ಅರ್ಧ ಗಂಟೆ ಆಯಿತು. ಅಲ್ಲಿ ಕೂರಲು ಒಂದು ಕುರ್ಚಿ ಸಹ ಇರಲಿಲ್ಲ. 7:35ರ ಹೊತ್ತಿಗೆ ಅತ್ತೆ ಗೋಡೆಗೆ ಒರಗಿದರು. ಹಣೆಯ ಮೇಲೆ ಬೆವರು. ಕೈ ಹಿಡಿದರೆ ಬೆರಳು ನಡುಗುತ್ತಿತ್ತು. ‘ಏನಾದ್ರೂ ಬಾಯಿಗೆ ಕೊಡಮ್ಮ’ ಅಂದರು, ಅಷ್ಟೇ. ನಮ್ಮವರು ಪಕ್ಕದ ಬಾರ್‌ಗೆ ಓಡಿ ಒಂದು ಲೋಟ ಕಿತ್ತಳೆ ಜ್ಯೂಸ್ ತಂದರು. ಅತ್ತೆ ಮೆಟ್ಟಿಲ ಮೇಲೆ ಕೂತು ಅರ್ಧ ಲೋಟ ಕುಡಿದರು. ಸಕ್ಕರೆ ನೋಡುವ ಮೀಟರ್‌ನಲ್ಲಿ ನೋಡಿದರೆ 58. ಎಪ್ಪತ್ತಕ್ಕಿಂತ ಕೆಳಗೆ ಹೋದರೆ ತಕ್ಷಣ ಸಿಹಿ ಕೊಡಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು ಅಂತ ಡಾಕ್ಟರ್ ಹೇಳಿದ್ದು ನೆನಪಿತ್ತು, ಹಾಗೇ ಮಾಡಿದೆವು. ಅವರು ಚೇತರಿಸಿಕೊಂಡು ನಮ್ಮನ್ನು ನೋಡಿ ‘ಸರಿ ಹೋಯ್ತು’ ಅನ್ನುವ ಹೊತ್ತಿಗೆ ಪೇಜರ್ ಮಿನುಗಿತು. ಆಗ ಸಮಯ 7:50 ದಾಟಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೇಕಾದಾಗ ಬನ್ನಿ ಅಂದಮೇಲೆ ಇಷ್ಟು ಕಾಯುವುದು ಯಾಕೆ ಅಂತಲೇ ತಲೆಯಲ್ಲಿ. ಆಮೇಲೆ ಆರು ದಿನ ಗಮನಿಸಿ, ವೇಟರ್‌ಗಳನ್ನು ಕೇಳಿ ತಿಳಿದುಕೊಂಡದ್ದು ಇದು.

ಹಾಲ್ ಎಷ್ಟೇ ದೊಡ್ಡದಿರಲಿ, ಹಡಗಿನ ಎಲ್ಲರೂ ಒಟ್ಟಿಗೆ ಕೂರಲು ಆಗುವುದಿಲ್ಲ. ಅದಕ್ಕೇ ಹಿಂದಿನಿಂದ ಎರಡು ಪಂಕ್ತಿ ಮಾಡಿಕೊಂಡು ಬಂದಿದ್ದಾರೆ. ಮೊದಲ ಪಂಕ್ತಿ ಸಾಮಾನ್ಯವಾಗಿ ಸಂಜೆ 5:30ರಿಂದ 6ರ ಒಳಗೆ, ಎರಡನೇದು 8ರಿಂದ 8:30ರ ಒಳಗೆ. ಯಾರು ಎಲ್ಲಿ ಕೂರುತ್ತಾರೆ, ಎಷ್ಟು ತಟ್ಟೆ ಬೇಕು ಅನ್ನುವುದು ಅಡುಗೆಮನೆಗೆ ಮೊದಲೇ ಗೊತ್ತು. ಬೇಕಾದಾಗ ಬರುವವರ ವಿಷಯ ಹಾಗಲ್ಲ. ಯಾರು ಯಾವಾಗ ಬೇಕಾದರೂ ಬರಬಹುದು ಅಂತ ಹೇಳಿದರೂ ಹೆಚ್ಚಿನವರಿಗೆ ಹಸಿವಾಗುವುದು 6:30ರಿಂದ 7:30ರ ಒಳಗೇ ಅಲ್ವಾ? ಒಂದು ಟೇಬಲ್‌ನಲ್ಲಿ ಸೂಪ್, ಮುಖ್ಯ ಊಟ, ಸಿಹಿ ಎಲ್ಲ ಮುಗಿಯಲು ಸುಮಾರು ಒಂದೂವರೆ ಗಂಟೆ ಬೇಕು. ನಮ್ಮ ಹಡಗಿನಲ್ಲಿ 5:45ಕ್ಕೆ ಬಾಗಿಲು ತೆರೆಯುತ್ತಿತ್ತು. ಆಗ ಕೂತವರು ಏಳುವುದು 7:15ಕ್ಕೆ. ಅಷ್ಟರಲ್ಲಿ ಉಳಿದ ಟೇಬಲ್‌ಗಳೂ ತುಂಬಿರುತ್ತವೆ. ನಡುವೆ ಹೋದವರೇ ಹೊರಗೆ ನಿಲ್ಲಬೇಕು. ನಾವು ಹೋದದ್ದು ಸರಿಯಾಗಿ ಆ ಹೊತ್ತಿಗೆ.

ಹಾಗಾಗಿ ಬೇಕಾದಾಗ ಬರುವ ಪದ್ಧತಿ ತಗೊಂಡವರು ಒಂದೋ ಬಾಗಿಲು ತೆರೆದ ಮೊದಲ ಕಾಲು ಗಂಟೆಯಲ್ಲಿ ಹೋಗಿ, ಇಲ್ಲವೇ 8 ದಾಟಿದ ಮೇಲೆ ಹೋಗಿ. ಹೋಗುವಾಗ ಬೇರೆಯವರ ಜೊತೆ ಕೂರಲು ಒಪ್ಪುತ್ತೀರಿ ಅಂತ ಹೇಳಿದರೆ ಬೇಗ ಜಾಗ ಸಿಗುತ್ತದೆ. ಇಬ್ಬರಿಗೇ ಪ್ರತ್ಯೇಕ ಟೇಬಲ್ ಬೇಕು ಅಂದರೆ ಜಾಸ್ತಿ ಕಾಯಬೇಕು, ಅಂಥ ಟೇಬಲ್ ಕಡಿಮೆ ಇರುತ್ತವೆ. ಇನ್ನೊಂದು ವಿಷಯ, ಇದನ್ನು ಯಾರೂ ನಮಗೆ ಹೇಳಿರಲಿಲ್ಲ: ಬೇಕಾದಾಗ ಬರುವವರೂ ದಿನಕ್ಕೊಂದು ಸಮಯ ಕಾಯ್ದಿರಿಸಬಹುದು. ನಮ್ಮ ಹಡಗಿನಲ್ಲಿ ಆ್ಯಪ್‌ನಲ್ಲೇ ಆ ಜಾಗ ಇತ್ತು. ಹಡಗು ಹತ್ತುವ ಮೊದಲೇ ಎಲ್ಲ ರಾತ್ರಿಗೂ ಕಾಯ್ದಿರಿಸಿದ್ದವರು ನಮ್ಮ ಕಣ್ಣೆದುರೇ ಬೇರೆ ಸಾಲಿನಲ್ಲಿ ಸೀದಾ ಒಳಗೆ ಹೋದರು. ನಾವು ನೋಡುವ ಹೊತ್ತಿಗೆ 7:15ರ ಆಸುಪಾಸಿನ ಜಾಗ ಎಲ್ಲ ಮುಗಿದಿತ್ತು.

ಈ ಪದ್ಧತಿ ತೀರಾ ಹಳೆಯದಲ್ಲ. ನಾರ್ವೇಜಿಯನ್ ಕ್ರೂಸ್ ಲೈನ್ ಅನ್ನುವ ಹಡಗು ಕಂಪನಿ 2000ದಲ್ಲಿ ‘ಫ್ರೀಸ್ಟೈಲ್ ಕ್ರೂಸಿಂಗ್’ ಅಂತ ಶುರುಮಾಡಿ, ಗೊತ್ತಾದ ಸಮಯ, ಗೊತ್ತಾದ ಟೇಬಲ್ ಎರಡನ್ನೂ ತೆಗೆದುಹಾಕಿತು. ಆಮೇಲೆ ರಾಯಲ್ ಕೆರಿಬಿಯನ್‌ನವರು ‘ಮೈ ಟೈಮ್’ ಅಂದರು, ಕಾರ್ನಿವಲ್‌ನವರು ‘ಯುವರ್ ಟೈಮ್’ ಅಂದರು. 2014ರಲ್ಲಿ ಬಂದ ರಾಯಲ್ ಕೆರಿಬಿಯನ್‌ನವರ ಕ್ವಾಂಟಮ್ ಆಫ್ ದಿ ಸೀಸ್ ಹಡಗಿನಲ್ಲಂತೂ ಒಂದು ದೊಡ್ಡ ಹಾಲ್ ಬದಲು ನಾಲ್ಕು ಬೇರೆ ಬೇರೆ ರೆಸ್ಟೋರೆಂಟ್ ಮಾಡಿದರು. ಮುಂದೆ ಆ ಪ್ರಯೋಗ ಕೈಬಿಟ್ಟು ಹಳೆಯ ದಾರಿಗೇ ಬಂದರು. ಡಿಸ್ನಿ ಹಡಗುಗಳಲ್ಲಿ ಇನ್ನೊಂದು ಥರ. ಊಟದ ಹೊತ್ತು ಗೊತ್ತಾಗಿರುತ್ತದೆ, ರೆಸ್ಟೋರೆಂಟ್ ಮಾತ್ರ ದಿನಾ ಬದಲಾಗುತ್ತದೆ, ವೇಟರ್‌ಗಳೂ ನಿಮ್ಮ ಜೊತೆಗೇ ಅಲ್ಲಿಗೆ ಬರುತ್ತಾರೆ. ಮಕ್ಕಳಿರುವವರಿಗೆ ಅದು ಬಹಳ ಒಳ್ಳೆಯದು ಅಂತ ನನಗನ್ನಿಸುತ್ತದೆ. ಬುಕ್ ಮಾಡುವ ಮೊದಲು ನಿಮ್ಮ ಹಡಗಿನಲ್ಲಿ ಯಾವುದಿದೆ ಅಂತ ಕೇಳಿಕೊಳ್ಳಿ.

ಎರಡನೇ ರಾತ್ರಿ ಮತ್ತೆ ಆ ಕ್ಯೂನಲ್ಲಿ ನಿಲ್ಲಲು ನನಗೆ ಧೈರ್ಯ ಬರಲಿಲ್ಲ. ದುಡ್ಡು ಕೊಟ್ಟು ಊಟ ಮಾಡುವ ರೆಸ್ಟೋರೆಂಟ್‌ನಲ್ಲಿ 7 ಗಂಟೆಗೆ ಟೇಬಲ್ ಹಿಡಿದೆವು. ದುಡ್ಡು ಕೊಟ್ಟರೆ ಕಾಯಿಸಲ್ಲ ಅಂದುಕೊಂಡಿದ್ದೆ. ಅಲ್ಲೂ ಇಪ್ಪತ್ತು ನಿಮಿಷ ಹೊರಗೆ ನಿಲ್ಲಿಸಿದರು. ಕೂತ ಮೇಲೆ ಮೊದಲ ತಟ್ಟೆ ಬರಲು ಇನ್ನೂ ಅರ್ಧ ಗಂಟೆ. ಮಗಳು ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಬಿಲ್‌ನಲ್ಲಿ ತಲೆಗಿಷ್ಟು ಅಂತ ಒಂದು, ಅದರ ಮೇಲೆ ಸರ್ವಿಸ್ ಚಾರ್ಜ್ ಇನ್ನೊಂದು. ಊಟದ ರುಚಿ ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದರೆ ಕಾಯುವುದನ್ನು ತಪ್ಪಿಸಿಕೊಳ್ಳಲು ಅಂತ ಅಲ್ಲಿಗೆ ಹೋಗಬೇಡಿ.

ನಮ್ಮನ್ನು ಉಳಿಸಿದ ಜಾಗದ ಬಗ್ಗೆ ಈಗ ಹೇಳುತ್ತೇನೆ. ಮೇಲಿನ ಡೆಕ್‌ನಲ್ಲಿರುವ ಬಫೆಯನ್ನು ಎಲ್ಲರೂ ಬೆಳಗಿನ ಗದ್ದಲದಲ್ಲಿ ನೋಡಿ ರಾತ್ರಿ ಅಲ್ಲಿಗೆ ಹೋಗುವುದೇ ಇಲ್ಲ. 6ರಿಂದ 8ರ ತನಕ ಜನ ಕೆಳಗೆ ಸಾಲಿನಲ್ಲಿ ನಿಂತಿರುತ್ತಾರೆ, ಮೇಲೆ ಅರ್ಧಕ್ಕರ್ಧ ಟೇಬಲ್ ಖಾಲಿ! ಬಫೆಯ ಹಿಂಭಾಗದಲ್ಲಿ, ಹಡಗಿನ ಬಾಲದ ಕಡೆ, ಒಂದು ಸಣ್ಣ ಕೌಂಟರ್ ಇತ್ತು. ಬಿಸಿ ಸೂಪ್ ಎರಡು ಬಗೆ, ಆಗಷ್ಟೇ ಒಲೆಯಿಂದ ಬಂದ ಬ್ರೆಡ್ ರೋಲ್, ಎದುರಿಗೇ ಬಾಣಲೆಯಲ್ಲಿ ಮಾಡಿಕೊಡುವ ಪಾಸ್ತಾ. ಟಿಕೆಟ್‌ನಲ್ಲೇ ಸೇರಿದ್ದು, ಬೇರೆ ದುಡ್ಡಿಲ್ಲ. ಅಲ್ಲಿದ್ದ ಅಡುಗೆಯವರಿಗೆ ಮಾಂಸ ಬೇಡ, ಖಾರ ಇರಲಿ ಅಂತ ಒಂದು ಸಲ ಹೇಳಿದ್ದು ಸಾಕಾಯಿತು. ಮಾರನೇ ದಿನ ಅತ್ತೆಯನ್ನು ದೂರದಿಂದ ನೋಡಿದ್ದೇ ತಡ, ಬೇರೆ ಬಾಣಲೆ ಒಲೆ ಮೇಲಿಟ್ಟರು. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಗಾಜಿನ ಬಾಗಿಲಿನ ತನಕ ಬರುತ್ತಿತ್ತು. ಅತ್ತೆ ಟೊಮೆಟೊ ಸೂಪ್‌ನ ಬಟ್ಟಲಿಗೆ ರೋಲ್ ಮುರಿದು ಅದ್ದಿಕೊಂಡು, ಹಡಗಿನ ಹಿಂದೆ ಏಳುವ ಬಿಳಿ ನೊರೆ ನೋಡುತ್ತಾ ತಿಂದರು. ಆ ಏಳು ದಿನದಲ್ಲಿ ನಾನು ಕಂಡ ಅತ್ಯಂತ ನೆಮ್ಮದಿಯ ಊಟ ಅದು. ಮಧ್ಯಾಹ್ನವೂ ಅಲ್ಲಿಗೇ ಹೋಗತೊಡಗಿದೆವು. ಕೆಳಗಿನ ಹಾಲ್‌ನಲ್ಲಿ ಬಡಿಸುವ ಕೆಲವು ಅಡುಗೆ ಇಲ್ಲೂ ಇರುತ್ತಿತ್ತು, ಅದನ್ನೂ ನೋಡಿಕೊಳ್ಳಿ.

ನಮ್ಮವರಿಗೆ ಮಾತ್ರ ಬಫೆ ಇಷ್ಟವಿಲ್ಲ. ತಟ್ಟೆ ಹಿಡಿದು ಓಡಾಡುವುದು ಊಟವೇ ಅಲ್ಲ ಅನ್ನುತ್ತಾರೆ. ಕ್ಯೂನಲ್ಲಿ ನಿಂತು ಹಿಂದೆಮುಂದಿನವರ ಜೊತೆ ಹರಟೆ ಹೊಡೆಯುವುದೂ ಅವರಿಗೆ ಖುಷಿ. ನನಗೆ ಜನಜಂಗುಳಿ ಆಗಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ನನ್ನ ಮಾತು ಓದಿ.

ಎರಡನೇ ದಿನ ಬೆಳಿಗ್ಗೆಯೇ ನಾನು ಊಟದ ಸಮಯ ಬದಲಿಸಿಕೊಡಿ ಅಂತ ಕೇಳಲು ಹೋಗಿದ್ದೆ. ಡೈನಿಂಗ್ ಹಾಲ್‌ನ ಮುಖ್ಯಸ್ಥರನ್ನು ಮೇತ್ರ್ ಡಿ ಅನ್ನುತ್ತಾರೆ. ಹಡಗು ಹೊರಡುವ ದಿನ ಮಧ್ಯಾಹ್ನ ಅವರು ಇದಕ್ಕೆಂದೇ ಹಾಲ್‌ನ ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಕೂತಿದ್ದರಂತೆ. ನಾವು ಆ ಹೊತ್ತಿನಲ್ಲಿ ಈಜುಕೊಳ ನೋಡುತ್ತಿದ್ದೆವು. ನೀವು ಹತ್ತಿದ ತಕ್ಷಣ, ಬ್ಯಾಗ್ ಬರುವ ಮೊದಲೇ, ಅವರನ್ನು ನೋಡಿ. ಆಗ ಬದಲಾವಣೆ ಸುಲಭ. ನಮ್ಮ ಹೆಸರು ಕಾಯುವವರ ಪಟ್ಟಿಗೆ ಸೇರಿತು. ಅತ್ತೆಯ ಇನ್ಸುಲಿನ್ ವಿಷಯ ಹೇಳಿದ ಮೇಲೆ ಅವರು ಗಮನ ಕೊಟ್ಟು ಕೇಳಿದರು. ಇದನ್ನು ಮೊದಲ ರಾತ್ರಿ ಬಾಗಿಲಲ್ಲೇ ಹೇಳಿದ್ದರೆ ಕಾಯಿಸುತ್ತಿರಲಿಲ್ಲ ಅಂದರು. ನಮಗೆ ಹೇಳಬೇಕು ಅಂತಲೇ ಹೊಳೆದಿರಲಿಲ್ಲ. ಸಂಕೋಚ ಪಡಬೇಡಿ, ಕಾಯಿಲೆಯ ವಿಷಯ ಮೊದಲೇ ಹೇಳಿಬಿಡಿ.

ಮೂರನೇ, ನಾಲ್ಕನೇ ರಾತ್ರಿ ಬಫೆಯಲ್ಲೇ ಕಳೆಯಿತು, ಐದನೇ ರಾತ್ರಿಯಿಂದ ಮೊದಲ ಪಂಕ್ತಿಯಲ್ಲಿ ಜಾಗ ಸಿಕ್ಕಿತು. 5:45ಕ್ಕೆ ಬಾಗಿಲು ತೆರೆದರೆ 5:50ಕ್ಕೆ ಬ್ರೆಡ್ ಬುಟ್ಟಿ ಮೇಜಿನ ಮೇಲೆ. ಅತ್ತೆ ಅದು ಬಂದ ಮೇಲೆ ಅಲ್ಲೇ ಇಂಜೆಕ್ಷನ್ ತಗೊಳ್ಳುತ್ತಿದ್ದರು. ದಿನಾ ಅದೇ ವೇಟರ್. ಮಗಳಿಗೆ ಐಸ್ ಇಲ್ಲದ ನೀರು, ಅತ್ತೆಗೆ ಸಕ್ಕರೆ ಹಾಕದ ಚಹಾ ಅಂತ ಮತ್ತೆ ಹೇಳಬೇಕಾಗಿರಲಿಲ್ಲ. ಮಾಂಸಾಹಾರ ತಿನ್ನದವರಿಗೆ ಇದರಿಂದ ದೊಡ್ಡ ಅನುಕೂಲ. ಊಟ ಮುಗಿದ ಮೇಲೆ ನಾಳೆಯ ಮೆನು ತಂದು ತೋರಿಸುತ್ತಿದ್ದರು, ಬೇಕಾದ್ದನ್ನು ಹಿಂದಿನ ರಾತ್ರಿಯೇ ಹೇಳಿಡುತ್ತಿದ್ದೆವು. ದಿನಕ್ಕೊಂದು ಟೇಬಲ್, ದಿನಕ್ಕೊಬ್ಬ ವೇಟರ್ ಆದರೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕು.

ಇದರಲ್ಲೂ ತೊಂದರೆ ಇಲ್ಲದೆ ಇಲ್ಲ. ನಾವು ಬೇರೆ ಎರಡು ಕುಟುಂಬಗಳ ಜೊತೆ ಕೂತಿದ್ದೆವು. ಒಂದು ದಿನ ದಡದಿಂದ ಬರುವುದು ತಡವಾಯಿತು. ಹಾಲ್‌ಗೆ ಹೋದಾಗ 6:15. ಉಳಿದವರು ಸೂಪ್ ಮುಗಿಸಿ ನಮಗಾಗಿ ಮುಂದಿನ ತಟ್ಟೆ ತಡೆಸಿದ್ದರು. ನನಗೆ ತುಂಬಾ ಬೇಸರವಾಯಿತು. ಬರಲ್ಲ ಅಂತಾದರೆ ಹಿಂದಿನ ದಿನವೇ ಹೇಳಿಬಿಡಿ. ಹಡಗು ಸಂಜೆ ತಡವಾಗಿ ಬಂದರಿನಿಂದ ಹೊರಡುವ ದಿನಗಳು ಜಾಸ್ತಿ ಇದ್ದರೆ ಮೊದಲ ಪಂಕ್ತಿ ತಗೊಂಡವರಿಗೆ ಕಷ್ಟ. ಬುಕ್ ಮಾಡುವಾಗ ಹಡಗು ಯಾವ ದಿನ ಎಷ್ಟು ಹೊತ್ತಿಗೆ ಹೊರಡುತ್ತದೆ ಅಂತ ನೋಡಿ.

ಗಡಿಯಾರದ ವಿಷಯವೂ ಇದೆ. ಪ್ರಯಾಣದ ನಡುವೆ ಹಡಗಿನ ಸಮಯ ಒಂದು ಗಂಟೆ ಹಿಂದೆಯೋ ಮುಂದೆಯೋ ಆಗಬಹುದು. ದಡದ ಹತ್ತಿರ ಫೋನ್ ಅಲ್ಲಿನ ಟವರ್ ಹಿಡಿದು ತಾನೇ ಸಮಯ ಬದಲಿಸಿಕೊಳ್ಳುತ್ತದೆ. ಹಡಗಿನ ಸಮಯ ಬೇರೆಯೇ ಇರಬಹುದು. ಊಟಕ್ಕೂ ಇನ್ಸುಲಿನ್‌ಗೂ ಹಡಗಿನ ಸಮಯಕ್ಕೆ ಹೊಂದಿಸಿಟ್ಟ ಕೈಗಡಿಯಾರವನ್ನೇ ನಂಬಿ. ನಾಟಕ, ಸಂಗೀತದ ಕಾರ್ಯಕ್ರಮಗಳನ್ನು ಎರಡು ಪಂಕ್ತಿಗೂ ಹೊಂದುವಂತೆ ಎರಡು ಸಲ ಮಾಡುತ್ತಿದ್ದರು, ಅದರ ಚಿಂತೆ ನಮಗಿರಲಿಲ್ಲ. ಎಲ್ಲರೂ ಸಿಂಗಾರ ಮಾಡಿಕೊಂಡು ಬರುವ ಫಾರ್ಮಲ್ ರಾತ್ರಿ ಬೇಕಾದಾಗ ಬರುವವರ ಕ್ಯೂ ಎಲ್ಲಕ್ಕಿಂತ ಉದ್ದವಿತ್ತು. ಆ ರಾತ್ರಿ ನಾವು ಊಟ ಮುಗಿಸಿ ಹೊರಗೆ ಬಂದಾಗ ಒಬ್ಬ ಅಜ್ಜ ಕೋಲೂರಿಕೊಂಡು ಗೋಡೆ ಪಕ್ಕ ನಿಂತಿದ್ದರು, ಕೈಯಲ್ಲಿ ಅದೇ ಪೇಜರ್. ನಮ್ಮವರು ಬಾಗಿಲಿನ ಹುಡುಗಿಗೆ ಹೇಳಿ ಅವರಿಗೊಂದು ಕುರ್ಚಿ ತರಿಸಿದರು.

ಅತ್ತೆಯ ಕೈಚೀಲದಲ್ಲಿ ಈಗ ಯಾವಾಗಲೂ ಗ್ಲೂಕೋಸ್ ಮಾತ್ರೆ, ಒಂದು ಸಣ್ಣ ಜ್ಯೂಸ್ ಪೊಟ್ಟಣ ಇರುತ್ತದೆ. ನಾಲ್ಕು ಹೆಜ್ಜೆ ದೂರದ ಊಟಕ್ಕೆ ಹೋಗುವಾಗಲೂ ಚೀಲ ಜೊತೆಗಿರಲಿ. ಇಂಜೆಕ್ಷನ್ ತಟ್ಟೆ ಎದುರಿಗೆ ಬಂದ ಮೇಲೆ ತಗೊಂಡರೆ ಆಗುತ್ತದಾ ಅಂತ ಹೊರಡುವ ಮೊದಲೇ ನಿಮ್ಮ ಡಾಕ್ಟರ್‌ನ ಕೇಳಿಟ್ಟುಕೊಳ್ಳಿ.

ಮೊನ್ನೆ ಇನ್ನೊಂದು ಕ್ರೂಸ್‌ಗೆ ಬುಕ್ ಮಾಡಿದೆವು. ಈ ಸಲ ಕ್ಯಾಬಿನ್‌ಗಿಂತ ಮೊದಲು ಊಟದ ಸಮಯ ಕೇಳಿದೆ. ಮೊದಲ ಪಂಕ್ತಿ, ನಾಲ್ಕು ಜನರ ಟೇಬಲ್ ಖಚಿತವಾಗಿದೆ. ಅತ್ತೆಗೆ ಹೇಳಿದರೆ ಅವರು ಕೇಳಿದ್ದು ಒಂದೇ, ಆ ಸೂಪಿನ ಕೌಂಟರ್ ಈ ಹಡಗಿನಲ್ಲೂ ಇರುತ್ತಾ ಅಂತ.