ಒಂದೇ ಬಿಲ್ಲಿನಲ್ಲಿ ಬೂಷ್ಟನ್ನೂ ಮಾರಿದೆ, ಬೂಷ್ಟು ಕೊಲ್ಲುವ ಔಷಧವನ್ನೂ ಮಾರಿದೆ

ಕೊಪ್ಪಳದಲ್ಲಿ ಬೀಜ, ಗೊಬ್ಬರ, ಔಷಧದ ಅಂಗಡಿಯೊಂದರಲ್ಲಿ ನನ್ನ ಕೆಲಸ. ಕೌಂಟರಿನ ಹಿಂದೆ ನಿಂತವನೇ ಡಾಕ್ಟರ್ ಇಲ್ಲಿ. ರೈತರು ಗಿಡ ಕಿತ್ತುಕೊಂಡು ಬಂದು ಮುಂದೆ ಇಡುತ್ತಾರೆ, ನಾವು ಏನೋ ಒಂದು ಹೇಳಬೇಕು.

ಹಾಗೆ ಒಬ್ಬ ಯಜಮಾನರು ಟೊಮೆಟೊ ಗಿಡ ತಂದರು. ಮಧ್ಯಾಹ್ನ ಬಾಡುತ್ತದೆ, ಸಂಜೆಗೆ ಎದ್ದು ನಿಲ್ಲುತ್ತದೆ, ನೀರು ಸಾಲದೇನೋ ಅಂದರು. ಬೇರು ತೊಳೆದರೆ ಹಸಿಶುಂಠಿ ಹಾಗೆ ಉಬ್ಬಿತ್ತು. ಶೇಂಗಾ ಬೇರಿನಲ್ಲೂ ಗಂಟು ಇರುತ್ತವಲ್ಲ, ಅವು ಉಗುರು ತಾಗಿಸಿದರೆ ಉದುರುತ್ತವೆ. ಇವು ಉದುರುವುದಿಲ್ಲ, ಬೇರೇ ದಪ್ಪಗಾಗಿರುತ್ತದೆ. ಬೇರಿಗೆ ಗಂಟು ಕಟ್ಟಿಸುವ ಜಂತುಹುಳು (ನೆಮಟೋಡ್) ಒಳಗೆ ಸೇರಿದೆ ಅಂತ ಅರ್ಥ. ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಒಂದು ಹೆಣ್ಣು ಅಂಟಿನ ಮುದ್ದೆಯಲ್ಲಿ ನೂರಾರು ಮೊಟ್ಟೆ ಇಡುತ್ತದೆ. ನಮ್ಮ ಕಡೆಯ ಬಿಸಿಗೆ ತಿಂಗಳೊಪ್ಪತ್ತಿನಲ್ಲಿ ಇನ್ನೊಂದು ತಲೆಮಾರು ತಯಾರು.

ಪರ್ಪ್ಯುರಿಯೋಸಿಲಿಯಂ ಪುಡಿ ಕೊಟ್ಟೆ. ಹಳಬರು ಇನ್ನೂ ಪೆಸಿಲೋಮೈಸಿಸ್ ಅಂತಲೇ ಕೇಳುತ್ತಾರೆ. ಹುಳದ ಮೊಟ್ಟೆಯೊಳಗೆ ಹೊಕ್ಕು ಅದನ್ನೇ ತಿಂದು ಬೆಳೆಯುವ ಬೂಷ್ಟು ಅದು. ಜೊತೆಗೆ, ಬುಡ ಕೊಳೆಯಬಾರದು ಅಂತ ಕಾರ್ಬೆಂಡಜಿಮ್ ಕೂಡ ಕೊಟ್ಟು, ಎರಡನ್ನೂ ಡ್ರಿಪ್‌ನಲ್ಲಿ ಬಿಡಿ ಅಂದೆ. ಕಾರ್ಬೆಂಡಜಿಮ್ ಇರುವುದೇ ಬೂಷ್ಟು ಕೊಲ್ಲೋದಕ್ಕೆ! ಸಾಲದ್ದಕ್ಕೆ ಆ ಪುಡಿ ಏಪ್ರಿಲ್ ಪೂರ್ತಿ ತಗಡಿನ ಗೋಡೌನ್‌ನಲ್ಲಿ ಯೂರಿಯಾ ಚೀಲದ ಪಕ್ಕ ಬೆಂದಿತ್ತು. ಜೀವ ಇರುವ ಸರಕನ್ನು ನಾನು ಸುಮ್ನೆ ಇನ್ನೊಂದು ಔಷಧ ಅಂದುಕೊಂಡಿದ್ದೆ.

ಒಂದೂವರೆ ತಿಂಗಳಿಗೆ ಯಜಮಾನರು ಬಂದರು. “ತಮ್ಮಾ, ನಿನ್ನ ಪುಡಿ ಮಣ್ಣಾಗ ಮಣ್ಣಾತು ನೋಡು.” ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ತಪ್ಪು ನನ್ನದೇ ಅಂತ ಒಪ್ಪಿಕೊಂಡೆ. ಮುಂದಿನ ಬೆಳೆಗೆ ಅವರ ಹೊಲಕ್ಕೇ ಹೋದೆ. ಕೆಂಪು ಮರಳು ಮಿಶ್ರಿತ ಮಣ್ಣು, ಈ ಹುಳಕ್ಕೆ ಹೇಳಿ ಮಾಡಿಸಿದ್ದು. ಗಂಟು ಕಟ್ಟಿದ ಬೇರನ್ನು ಪುಡಿ ವಾಸಿ ಮಾಡುವುದಿಲ್ಲ, ನಾಟಿಗೆ ಮೊದಲೇ ಮಣ್ಣಿನಲ್ಲಿ ಇರಬೇಕು. ಹಾಗಾಗಿ ಒಂದು ಟನ್ ತಿಪ್ಪೆಗೊಬ್ಬರಕ್ಕೆ 2 ಕೆಜಿ ಹೊಸ ಪುಡಿ ಕಲಸಿ, ಬೇವಿನ ಹಿಂಡಿ ಸೇರಿಸಿ, ಮರದ ನೆರಳಲ್ಲಿ ಗೋಣಿ ಹೊದಿಸಿ 15 ದಿನ ಬಿಟ್ಟೆವು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಒಸರಬಾರದು. ಅಷ್ಟು ಹಸಿ ಇದ್ದರೆ ಬೂಷ್ಟು ಗೊಬ್ಬರ ತಿಂದು ತಾನೇ ಹೆಚ್ಚಿಕೊಳ್ಳುತ್ತದೆ. ಟೊಮೆಟೊ ಆದಮೇಲೆ ಬೆಂಡಿ ಹಾಕುತ್ತೇನೆ ಅಂದರು. ಬೇಡ, ಅದೂ ಹುಳಕ್ಕೆ ಊಟವೇ ಅಂದೆ. ಚೆಂಡುಹೂ ಹಾಕಿದರು, ದೀಪಾವಳಿಗೆ ಮಾರಿದರು.

ಗಂಟು ಪೂರ್ತಿ ಹೋಗಲಿಲ್ಲ. ಹಿಂದಿನಷ್ಟು ಜಾಸ್ತಿ ಇರಲಿಲ್ಲ, ಬಿಳಿ ಬೇರು ಕಂಡವು.

ಈಗ ಪುಡಿ ಪ್ಯಾಕೆಟ್ಟು ಅಂಗಡಿ ಒಳಗೆ, ಕುಡಿಯುವ ನೀರಿನ ಮಡಕೆ ಇರುವ ತಂಪು ಮೂಲೆಯಲ್ಲಿ ಇಡುತ್ತೇನೆ. ಮಾಲೀಕರು ನಗುತ್ತಾರೆ: “ಅದಕ್ಕೂ ನೀರಡಿಕಿ ಆಗ್ತದೇನೋ?”