ಬೌನ್ ಬೀದಿಯ ಮರದ ಮನೆ

ನ್ಯೂಯಾರ್ಕಿನ 7ನೇ ನಂಬರ್ ಟ್ರೇನ್ ಹತ್ತಿ ಕೊನೆಯ ಸ್ಟೇಷನ್ನಿನಲ್ಲಿ ಇಳಿದರೆ ಫ್ಲಶಿಂಗ್. ಅಮ್ಮನನ್ನು ಅಲ್ಲಿನ ಗಣಪತಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. 1977ರಲ್ಲಿ ಕುಂಭಾಭಿಷೇಕವಾದ ಗುಡಿ ಅದು. ಪೂಜೆ ಮುಗಿಸಿ, ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ತಿಂದು ಹೊರಗೆ ಬಂದೆವು. ಈ ಬೀದಿಗೆ ಎರಡು ಹೆಸರು. ಗಣೇಶ್ ಟೆಂಪಲ್ ಸ್ಟ್ರೀಟ್ ಅನ್ನೋದು 2022ರಲ್ಲಿ ಸೇರಿದ್ದು. ಹಳೆಯ ಹೆಸರು ಬೌನ್ ಸ್ಟ್ರೀಟ್. ಧರ್ಮಸ್ವಾತಂತ್ರ್ಯಕ್ಕಾಗಿ ಗಡೀಪಾರಾದ ಜಾನ್ ಬೌನ್‌ನ ಹೆಸರು ಅದು. ಅವನಿದ್ದ ಮನೆಯನ್ನು ನೋಡಲೇಬೇಕು ಅಂತ ನನಗೆ ಬಹಳ ದಿನದ ಆಸೆ.

ಉತ್ತರಕ್ಕೆ ನಡೆಯುತ್ತಾ ಅಮ್ಮನಿಗೆ ಕತೆ ಹೇಳಿದೆ. ಹದಿನೇಳನೆಯ ಶತಮಾನದಲ್ಲಿ ಇದು ಡಚ್ಚರ ವಸಾಹತು. ಫ್ಲಶಿಂಗ್ ಎಂಬ ಹೆಸರೂ ಹಾಲೆಂಡಿನ ಬಂದರು ಊರು ವ್ಲಿಸ್ಸಿಂಗೆನ್‌ನಿಂದ ಬಂದಿದ್ದು. ಇಲ್ಲಿ ನೆಲೆಸಿದವರು ಮಾತ್ರ ಇಂಗ್ಲಿಷರು. 1645ರಲ್ಲಿ ಅವರಿಗೆ ಕೊಟ್ಟ ಸನ್ನದಿನಲ್ಲಿ ಹಾಲೆಂಡಿನ ರೂಢಿಯಂತೆ ಆತ್ಮಸಾಕ್ಷಿಯ ಸ್ವಾತಂತ್ರ್ಯ ಇರುತ್ತದೆ ಎಂದು ಬರೆದಿತ್ತು. ಆದರೆ ಗವರ್ನರ್ ಪೀಟರ್ ಸ್ಟೈವೆಸೆಂಟ್ ಕ್ವೇಕರ್ ಎಂಬ ಕ್ರೈಸ್ತ ಪಂಥದವರಿಗೆ ಯಾರೂ ಆಸರೆ ಕೊಡಬಾರದು ಎಂದು ಆಜ್ಞೆ ಹೊರಡಿಸಿದ. 1657ರ ಡಿಸೆಂಬರ್ 27ರಂದು ಊರಿನ 30 ಜನ ಅವನಿಗೆ ಪತ್ರ ಬರೆದರು. ಪ್ರೀತಿ, ಶಾಂತಿ, ಸ್ವಾತಂತ್ರ್ಯ ಯೆಹೂದಿಗಳಿಗೂ ತುರ್ಕರಿಗೂ ಸಲ್ಲಬೇಕು ಅಂತ. ಸಹಿ ಹಾಕಿದವರು ಕ್ವೇಕರ್‌ಗಳೇ ಅಲ್ಲ! ಬೇರೆಯವರಿಗಾಗಿ ಸಹಿ ಹಾಕಿದರು. ಕೆಲವರು ಜೈಲಿಗೂ ಹೋದರು. ನನ್ನನ್ನು ಜಾಸ್ತಿ ತಟ್ಟಿದ್ದು ಇದೇ.

ಮನೆ ಬಂತು. ಸುತ್ತ ಎತ್ತರದ ಕಟ್ಟಡಗಳು, ನಡುವೆ ಇಳಿಜಾರು ಸೂರಿನ ಸಣ್ಣ ಮರದ ಮನೆ. ಸುಮಾರು 1661ರದ್ದು. ಜಾನ್ ಬೌನ್‌ನ ಹೆಂಡತಿ ಹಾನಾ ಮೊದಲು ಕ್ವೇಕರ್ ಆದಳು, ಆಮೇಲೆ ಅವನೂ ಆದ. ಪ್ರಾರ್ಥನೆಗೆ ಇಬ್ಬರೂ ಮನೆ ಬಾಗಿಲು ತೆರೆದರು. 1662ರಲ್ಲಿ ಅವನ ಬಂಧನವಾಯಿತು. ದಂಡ ಕಟ್ಟಲ್ಲ ಅಂದ. ಹಡಗು ಹತ್ತಿಸಿ ಗಡೀಪಾರು ಮಾಡಿದರು. ಅವನನ್ನು ಐರ್ಲೆಂಡಿನಲ್ಲಿ ಇಳಿಸಿದರೂ ಹೇಗೋ ಆಮ್‌ಸ್ಟರ್‌ಡ್ಯಾಮ್ ತಲುಪಿ, ವಸಾಹತನ್ನು ನಡೆಸುತ್ತಿದ್ದ ಡಚ್ ವೆಸ್ಟ್ ಇಂಡಿಯಾ ಕಂಪನಿಯವರ ಮುಂದೆಯೇ ನ್ಯಾಯ ಕೇಳಿದ. 1663ರಲ್ಲಿ ಅವರು ಸ್ಟೈವೆಸೆಂಟ್‌ಗೆ ಕಾಗದ ಬರೆದರು: ಜನರ ಮನಸ್ಸಾಕ್ಷಿಯನ್ನು ಕಟ್ಟಿಹಾಕಬೇಡ. ವಲಸೆ ಬರುವವರು ಹೆದರಿ ನಿಂತುಬಿಟ್ಟಾರು ಎಂಬ ಲೆಕ್ಕವೂ ಅದರಲ್ಲಿತ್ತು. ಇದ್ದರೆ ಇರಲಿ, ಬೌನ್ ಮನೆಗೆ ವಾಪಸ್ ಬಂದನಲ್ಲ! 1664ರಲ್ಲಿ ವಸಾಹತು ಇಂಗ್ಲಿಷರ ಕೈಗೆ ಹೋಯಿತು.

ಹತ್ತಿರದಲ್ಲೇ ಕ್ವೇಕರ್‌ಗಳ ಪ್ರಾರ್ಥನಾ ಮನೆ ಇದೆ. 1694ರದ್ದು, ಈಗಲೂ ಅಲ್ಲಿ ಜನ ಸೇರುತ್ತಾರೆ. ಅದನ್ನೂ ನೋಡೋಣ ಎಂದೆ. ಅಮ್ಮ ಬೇಲಿ ಹಿಡಿದು ನಿಂತೇ ಇದ್ದರು.

"ಅಲ್ವೋ, ಅವನು ದೇಶಾಂತರ ಹೋದಾಗ ಮನೆ, ಮಕ್ಕಳು, ಹೊಲ? ಎಲ್ಲ ಆ ಹಾನಾ ಒಬ್ಬಳೇ ನೋಡ್ಕೊಂಡ್ಲಾ?"

"ಹೂಂ ಅಮ್ಮ."

"ಎಷ್ಟು ದಿನ?"

"ಹೆಚ್ಚು ಕಡಿಮೆ ಒಂದು ವರ್ಷ."

ಟ್ರೇನ್ ಹತ್ತಿದ ಮೇಲೂ ಅಮ್ಮ ಹಾನಾಳ ಬಗ್ಗೆಯೇ ಕೇಳುತ್ತಿದ್ದರು.